ಬಾಗಿಲಲ್ಲಿ ಕುಳಿತ ಅಮೀರ

ನೆರೆಯವನ ಧರ್ಮವನ್ನು ಸಹಿಸಿಕೊಳ್ಳುವುದು ಒಂದು; ಅದನ್ನು ಗೌರವಿಸುವುದು ಇನ್ನೊಂದು. ಸಹನೆಗೆ ಹೆಚ್ಚಿನ ವೆಚ್ಚವಿಲ್ಲ. ಕಾಲವು ಶಾಂತವಾಗಿರುವಾಗ, ಅಂಗಡಿ ಬೀದಿಗಳು ತೆರೆದಿರುವಾಗ, ಹಬ್ಬದ ದಿನ ಈ ಮನೆಯಿಂದ ಆ ಮನೆಗೆ ಒಂದು ತಟ್ಟೆ ಸಿಹಿತಿಂಡಿ ಹೋಗುತ್ತಿರುವಾಗ ಎಲ್ಲರೂ ಸಹಿಷ್ಣುಗಳೇ. ಗೌರವದ ಪರೀಕ್ಷೆ ನಡೆಯುವ ದಿನವೇ ಬೇರೆ. ಊರಿಗೆ ಬೆಂಕಿ ಬಿದ್ದು, ಅನ್ಯಧರ್ಮದವನೊಬ್ಬನು ಓಡಿಬಂದು ಕದ ತಟ್ಟಿದಾಗ, ಅವನನ್ನು ಅಟ್ಟಿಸಿಕೊಂಡು ಬಂದವರು ತನ್ನ ಧರ್ಮದವರೇ ಆಗಿದ್ದಾಗ, ಒಳಗಿರುವವನು ಅಗುಳಿ ತೆಗೆಯುವನೋ ಇಲ್ಲವೋ ಎಂಬುದರಿಂದ ಅದು ನಿರ್ಣಯವಾಗುತ್ತದೆ.

ಕ್ರೈಸ್ತರಿಗೂ ಮುಸಲ್ಮಾನರಿಗೂ ನಡೆದ ಯುದ್ಧಗಳ ವೃತ್ತಾಂತವನ್ನು ಶಾಲೆಯ ಮಕ್ಕಳೂ ಬಲ್ಲರು. ಜೆರೂಸಲೇಮಿಗಾಗಿ ನಡೆದ ಹೋರಾಟಗಳು, 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದುದು, 1492ರಲ್ಲಿ ಗ್ರನಾಡ ಬಿದ್ದುದು, ಇವೆಲ್ಲ ಪರೀಕ್ಷೆಗೆ ಕಂಠಪಾಠ ಮಾಡಬೇಕಾದ ಇಸವಿಗಳು. ಕೋಟೆಯ ಬಾಗಿಲು ಮುರಿದ ದಿನವನ್ನು ಚರಿತ್ರೆಯು ಬರೆದಿಡುತ್ತದೆ. ಮನೆಯ ಬಾಗಿಲು ತೆರೆದ ದಿನವನ್ನು ಬರೆದಿಡುವುದು ಅಪರೂಪ. ಅಂಥ ಅಪರೂಪದ ದಿನಗಳಲ್ಲಿ 1860ನೆಯ ಇಸವಿಯ ಜುಲೈ ತಿಂಗಳ ಒಂದು ವಾರ ಮುಖ್ಯವಾದುದು. ಸ್ಥಳ, ಸಿರಿಯ ದೇಶದ ದಮಾಸ್ಕಸ್ ನಗರ. ಬಾಗಿಲು ತೆರೆದವನು ಅಲ್ಜೀರಿಯದ ಅಮೀರ ಅಬ್ದುಲ್ ಖಾದರ್. ಆತನು ತನ್ನ ಯೌವನದ ಹದಿನೈದು ವರ್ಷಗಳನ್ನು ಕ್ರೈಸ್ತ ರಾಷ್ಟ್ರವೊಂದರೊಡನೆ ಯುದ್ಧದಲ್ಲಿ ಕಳೆದವನು. ಐದು ವರ್ಷ ಅದೇ ರಾಷ್ಟ್ರದ ಸೆರೆಯಲ್ಲಿ ಇದ್ದವನು.

ಸೂಫಿಯ ಮಗ, ಸೇನಾನಿ

ಅಬ್ದುಲ್ ಖಾದರನು ಹುಟ್ಟಿದುದು ಅಲ್ಜೀರಿಯದ ಪಶ್ಚಿಮ ಭಾಗದಲ್ಲಿ, ಮಸ್ಕರಾ ಪಟ್ಟಣದ ಸಮೀಪದ ಗ್ರಾಮವೊಂದರಲ್ಲಿ, 1808ರಲ್ಲಿ. ತಂದೆ ಮುಹಿಯುದ್ದೀನನು ಖಾದಿರಿಯಾ ಸೂಫಿ ಪಂಥದ ಗುರು. ಸುತ್ತಲಿನ ಬುಡಕಟ್ಟುಗಳಿಗೆಲ್ಲ ಪೂಜ್ಯನಾಗಿದ್ದವನು. ಬಾಲಕನು ಕುರಾನನ್ನು ಬಾಯಿಪಾಠ ಮಾಡಿದನು, ವ್ಯಾಕರಣ ಮತ್ತು ಧರ್ಮಶಾಸ್ತ್ರಗಳನ್ನು ಕಲಿತನು, ಕುದುರೆ ಸವಾರಿಯಲ್ಲಿ ಸರಿಸಾಟಿಯಿಲ್ಲವೆಂಬ ಹೆಸರು ಪಡೆದನು. ತಾರುಣ್ಯದಲ್ಲಿ ತಂದೆಯೊಡನೆ ಮೆಕ್ಕಾ ಯಾತ್ರೆ ಮಾಡಿ, ದಮಾಸ್ಕಸ್ ಮತ್ತು ಬಾಗ್ದಾದ್ ನಗರಗಳನ್ನು ಕಂಡು ಬಂದನು. ಗ್ರಂಥಗಳ ನಡುವೆ ಧ್ಯಾನದಲ್ಲಿ ಕಾಲ ಕಳೆಯಬೇಕೆಂಬುದೇ ಆತನ ಇಚ್ಛೆಯಾಗಿತ್ತು.

1830ರ ಜುಲೈ ತಿಂಗಳಿನಲ್ಲಿ ಫ್ರೆಂಚರು ಅಲ್ಜಿಯರ್ಸ್ ಪಟ್ಟಣವನ್ನು ಹಿಡಿದುಕೊಂಡರು. ಎರಡು ವರ್ಷಗಳ ಬಳಿಕ ಪಶ್ಚಿಮದ ಬುಡಕಟ್ಟುಗಳು ಒಟ್ಟುಗೂಡಿ, ವೃದ್ಧ ಮುಹಿಯುದ್ದೀನನ ಮಗನನ್ನು ತಮ್ಮ ಅಮೀರನೆಂದು ಸಾರಿದವು. ಆಗ ಆತನಿಗೆ ಇಪ್ಪತ್ತನಾಲ್ಕು ವರ್ಷ. ಗ್ರಂಥವನ್ನು ಕೆಳಗಿಟ್ಟು ಖಡ್ಗವನ್ನು ಎತ್ತಿಕೊಂಡ ಆ ಯುವಕನು 1847ರವರೆಗೆ ಯುರೋಪಿನ ಬಲಿಷ್ಠ ಸೇನೆಗಳಲ್ಲಿ ಒಂದನ್ನು ಎದುರಿಸಿ ನಿಂತನು. 1834ರಲ್ಲಿ ಒಮ್ಮೆ, 1837ರಲ್ಲಿ ಇನ್ನೊಮ್ಮೆ ಫ್ರೆಂಚರು ಆತನೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1839ರಲ್ಲಿ ಯುದ್ಧವು ಮತ್ತೆ ಹೊತ್ತಿಕೊಂಡಿತು. ಈ ಸಲ ಫ್ರೆಂಚ್ ಸೇನೆಯು ಬೆಳೆಯನ್ನು ಸುಟ್ಟಿತು, ಹಗೇವುಗಳನ್ನು ಬರಿದುಮಾಡಿತು, ದನಕರುಗಳನ್ನು ಹೊಡೆದುಕೊಂಡು ಹೋಯಿತು. 1845ರ ಜೂನ್ ತಿಂಗಳಿನಲ್ಲಿ ದಹ್ರಾ ಬೆಟ್ಟದ ಗುಹೆಗಳಲ್ಲಿ ಅವಿತುಕೊಂಡಿದ್ದ ಒಂದು ಬುಡಕಟ್ಟಿನ ನೂರಾರು ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಗುಹೆಯ ಬಾಯಿಗೆ ಬೆಂಕಿ ಹಾಕಿ ಹೊಗೆಯಿಂದ ಕೊಲ್ಲಲಾಯಿತು.

ಇಂಥ ಯುದ್ಧದಲ್ಲಿ ದ್ವೇಷವು ಸಹಜ. ದ್ವೇಷಕ್ಕೆ ಧರ್ಮದ ಹೆಸರನ್ನು ಇಡುವುದು ಇನ್ನೂ ಸುಲಭ. ಅಮೀರನ ದೊಡ್ಡತನವು ಮೊದಲು ಕಾಣಿಸಿಕೊಂಡುದು ಇಲ್ಲಿಯೇ. ಸೆರೆಯಾಳುಗಳ ವಿಷಯದಲ್ಲಿ ಆತನು ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದನು. ಶತ್ರುವಿನ ತಲೆ ಕಡಿದು ತಂದು ತೋರಿಸುವ ಪದ್ಧತಿಯನ್ನು ನಿಲ್ಲಿಸಲು, ಜೀವಂತವಾಗಿ ಹಿಡಿದು ತಂದವರಿಗೆ ಬಹುಮಾನ ಗೊತ್ತುಮಾಡಿದನು. ಸೆರೆಸಿಕ್ಕ ಹೆಂಗಸರನ್ನು ಆತನ ತಾಯಿ ಲಲ್ಲಾ ಜೊಹ್ರಾ ತನ್ನ ಸ್ವಂತ ರಕ್ಷಣೆಯಲ್ಲಿ ಇಟ್ಟುಕೊಂಡಳು. ತಿನ್ನಿಸಲು ಧಾನ್ಯವಿಲ್ಲದ ಕಾಲದಲ್ಲಿ ಕೆಲವರನ್ನು ಆತನು ಯಾವ ಷರತ್ತೂ ಇಲ್ಲದೆ ಬಿಟ್ಟುಬಿಟ್ಟುದೂ ಉಂಟು.

ಬಿಷಪ್ಪನ ಪತ್ರ, ಅಮೀರನ ಉತ್ತರ

ಆ ವೇಳೆಗೆ ಅಲ್ಜಿಯರ್ಸಿನಲ್ಲಿ ಒಬ್ಬ ಬಿಷಪ್ ಇದ್ದನು. ಹೆಸರು ಆಂತ್ವಾನ್ ಅದೊಲ್ಫ್ ದ್ಯುಪುಷ್. 1838ರಲ್ಲಿ ಆ ಪೀಠಕ್ಕೆ ಬಂದ ಮೊದಲ ಬಿಷಪ್ ಆತನೇ. ಅನಾಥ ಮಕ್ಕಳಿಗೂ ದೀನರಿಗೂ ಕೈಬಿಚ್ಚಿ ಕೊಟ್ಟು ಕೊಟ್ಟು ಸಾಲಗಾರನಾಗಿ, ಕೊನೆಗೆ ಪೀಠವನ್ನೇ ಬಿಡಬೇಕಾಗಿ ಬಂದ ಕರುಣಾಳು. 1840ರಲ್ಲಿ ಅಮೀರನ ಸವಾರರು ಮಾಸೋ ಎಂಬ ಫ್ರೆಂಚ್ ಅಧಿಕಾರಿಯೊಬ್ಬನನ್ನು ಹಿಡಿದೊಯ್ದರು. ಆತನ ಹೆಂಡತಿಯು ಪುಟ್ಟ ಮಗುವನ್ನು ಎತ್ತಿಕೊಂಡು ಬಿಷಪ್ಪನ ಬಳಿಗೆ ಬಂದು ಕಣ್ಣೀರು ಸುರಿಸಿದಳು. ಬಿಷಪ್ಪನು ಶತ್ರುಸೇನಾಪತಿಗೆ ನೇರವಾಗಿ ಒಂದು ಪತ್ರ ಬರೆದನು. ತಾನು ದೇವರ ಸೇವಕನೆಂದೂ, ಆ ಒಬ್ಬ ಕೈದಿಯನ್ನು ದಯಮಾಡಿ ಬಿಡಬೇಕೆಂದೂ ಬೇಡಿಕೊಂಡನು.

ಅಮೀರನ ಉತ್ತರ ಬಂದಿತು. ಬೇಡಿಕೆಯನ್ನು ಆತನು ತಳ್ಳಿಹಾಕಿರಲಿಲ್ಲ. ಆದರೆ ಬಿಷಪ್ಪನನ್ನು ಮೃದುವಾಗಿ ಆಕ್ಷೇಪಿಸಿದ್ದನು. ದೇವರ ಸೇವಕನೆಂದು ಹೇಳಿಕೊಳ್ಳುವವನು ಒಬ್ಬನಿಗಾಗಿ ಮಾತ್ರ ಬೇಡುವುದೇಕೆ, ಸೆರೆಯಲ್ಲಿರುವ ಕ್ರೈಸ್ತರೆಲ್ಲರಿಗಾಗಿ ಬೇಡಬೇಕಾಗಿತ್ತಲ್ಲವೇ ಎಂಬುದು ಅದರ ಮೊದಲ ಭಾಗದ ತಾತ್ಪರ್ಯ. ಅಷ್ಟಕ್ಕೇ ನಿಲ್ಲದೆ, ಫ್ರೆಂಚರ ಸೆರೆಮನೆಗಳಲ್ಲಿ ನರಳುತ್ತಿರುವ ಮುಸಲ್ಮಾನರಿಗೂ ಅದೇ ದಯೆಯನ್ನು ಕೋರಿದ್ದರೆ ಆ ಧರ್ಮಕಾರ್ಯವು ಇಮ್ಮಡಿಯಾಗುತ್ತಿತ್ತು ಎಂದು ಆತನು ಸೇರಿಸಿದ್ದನು.

ಈ ಉತ್ತರವನ್ನು ಸ್ವಲ್ಪ ನಿಂತು ಆಲೋಚಿಸಬೇಕು. ಇದರಲ್ಲಿ ವ್ಯಂಗ್ಯವಿದೆಯೆಂದು ಬಿಷಪ್ಪನು ಮುನಿಸಿಕೊಳ್ಳಬಹುದಾಗಿತ್ತು. ಯುದ್ಧಕಾಲದಲ್ಲಿ ಶತ್ರುವಿನಿಂದ ಧರ್ಮೋಪದೇಶ ಕೇಳಿಸಿಕೊಳ್ಳುವುದು ಯಾವ ಗುರುವಿಗೂ ಹಿತವಾದುದಲ್ಲ. ಆದರೆ ದ್ಯುಪುಷನು ಅದರಲ್ಲಿ ಸತ್ಯವನ್ನು ಕಂಡನು. ಎದುರಿಗಿರುವವನು ತನ್ನ ಧರ್ಮವನ್ನು ಹೀಯಾಳಿಸುತ್ತಿಲ್ಲ. ಆ ಧರ್ಮದ ಅತ್ಯುನ್ನತ ಮಟ್ಟಕ್ಕೆ ಏರಿ ನಿಲ್ಲು ಎಂದು ತನ್ನನ್ನು ಕೇಳುತ್ತಿದ್ದಾನೆ ಎಂಬುದು ಆತನಿಗೆ ಅರ್ಥವಾಯಿತು. ಆತನು ಫ್ರೆಂಚ್ ಅಧಿಕಾರಿಗಳ ಬಳಿ ಓಡಾಡಿ ಒಪ್ಪಿಗೆ ಪಡೆದನು. 1841ರ ಮೇ ತಿಂಗಳಿನಲ್ಲಿ ಎರಡು ಕಡೆಯ ಸೆರೆಯಾಳುಗಳ ವಿನಿಮಯವಾಯಿತು. ಒಬ್ಬನ ಬಿಡುಗಡೆಗಾಗಿ ಹೊರಟ ಪತ್ರದಿಂದ ನೂರಕ್ಕೂ ಮಿಕ್ಕ ಫ್ರೆಂಚರು ತಮ್ಮ ಮನೆಗಳಿಗೆ ಮರಳಿದರು. ಅರಬ್ಬೀ ಹೆಂಗಸರು, ಮಕ್ಕಳು, ಗಂಡಸರು ತಮ್ಮ ಗುಡಾರಗಳಿಗೆ ಮರಳಿದರು.

ಅಲ್ಲಿಂದ ಮುಂದೆ ಆ ಇಬ್ಬರ ನಡುವೆ ಬೆಳೆದ ಸ್ನೇಹವು ಯುದ್ಧದ ಮಧ್ಯದಲ್ಲಿಯೇ ಬೆಳೆಯಿತು. ಬಿಷಪ್ಪನು ಸಾಕುತ್ತಿದ್ದ ತಾಯಿಯಿಲ್ಲದ ಹಸುಗೂಸುಗಳಿಗೆ ಹಾಲಾಗಲೆಂದು ಅಮೀರನು ಮೇಕೆಗಳ ಹಿಂಡನ್ನು ಕಳುಹಿಸಿಕೊಟ್ಟನು. ತನ್ನ ಬಳಿ ಇರುವ ಕ್ರೈಸ್ತ ಸೆರೆಯಾಳುಗಳಿಗೆ ಅವರ ಧರ್ಮದ ಸಾಂತ್ವನವು ಬೇಕೆಂದೂ, ಒಬ್ಬ ಪಾದ್ರಿಯನ್ನು ಕಳುಹಿಸಿದರೆ ಆತನಿಗೆ ಯಾವ ಕೊರತೆಯೂ ಆಗದಂತೆ ನೋಡಿಕೊಳ್ಳುವುದಾಗಿಯೂ ತಿಳಿಸಿದನು. ಮುಸಲ್ಮಾನ ಸೇನಾಪತಿಯೊಬ್ಬನು ತನ್ನ ಶಿಬಿರದಲ್ಲಿ ಕ್ರೈಸ್ತರ ಪ್ರಾರ್ಥನೆ ತಪ್ಪಬಾರದೆಂದು ಚಿಂತಿಸಿದನೆಂಬುದು ಸಣ್ಣ ಮಾತಲ್ಲ.

ಆತನ ಕಥೆಯಲ್ಲಿ ಕಪ್ಪು ಚುಕ್ಕೆ ಇಲ್ಲವೆಂದಲ್ಲ. 1846ರ ಏಪ್ರಿಲ್ ತಿಂಗಳಿನಲ್ಲಿ, ಆತನು ಬಹುದೂರದಲ್ಲಿ ಯುದ್ಧದಲ್ಲಿದ್ದಾಗ, ಆತನ ಪರಿವಾರದ ಬೀಡಿನಲ್ಲಿ ಫ್ರೆಂಚ್ ಸೆರೆಯಾಳುಗಳ ಘೋರ ಹತ್ಯೆ ನಡೆಯಿತು. ಅದು ಆತನ ಆಜ್ಞೆಯಿಂದ ನಡೆದುದಲ್ಲವೆಂಬುದು ಚರಿತ್ರಕಾರರ ಸಾಮಾನ್ಯ ಅಭಿಪ್ರಾಯ. ಆದರೂ ಆ ಕಳಂಕವು ಆತನ ಹೆಸರಿಗೆ ಅಂಟಿಕೊಂಡಿತು.

ಮುರಿದ ಮಾತು

1847ರ ಡಿಸೆಂಬರ್ ತಿಂಗಳಿನಲ್ಲಿ, ಇನ್ನು ಹೋರಾಡಿದರೆ ತನ್ನ ಜನರ ಸಂಕಟವು ಹೆಚ್ಚುವುದಲ್ಲದೆ ಫಲವಿಲ್ಲವೆಂದು ಕಂಡು, ಅಮೀರನು ಜನರಲ್ ಲಾಮೊರಿಸಿಯೇರನಿಗೆ ಶರಣಾದನು. ತನ್ನನ್ನು ಪರಿವಾರ ಸಮೇತ ಅಲೆಗ್ಜಾಂಡ್ರಿಯಕ್ಕೋ ಏಕರ್ ಪಟ್ಟಣಕ್ಕೋ ಹೋಗಗೊಡಬೇಕೆಂಬುದೊಂದೇ ಆತನ ಷರತ್ತು. ಫ್ರೆಂಚ್ ಸೇನಾಪತಿಗಳು ಮಾತು ಕೊಟ್ಟರು. ಹಡಗು ಹೋಗಿ ನಿಂತುದು ಫ್ರಾನ್ಸಿನ ತೂಲೋನ್ ರೇವಿನಲ್ಲಿ! ಅಲ್ಲಿಂದ ಪೋ ಪಟ್ಟಣದ ಕೋಟೆ, ಅಲ್ಲಿಂದ ಆಂಬ್ವಾಸ್ ಕೋಟೆ. ಚಳಿಯನ್ನು ತಾಳಲಾರದೆ, ರೋಗದಿಂದಲೂ ಕೊರಗಿನಿಂದಲೂ ಆತನ ಪರಿವಾರದ ಅನೇಕರು ಅಲ್ಲಿಯೇ ಮಣ್ಣುಗೂಡಿದರು.

ಈಗ ಸೆರೆಯಾಳು ಅಮೀರ. ಬೇಡುವವನು ಅದೇ ಬಿಷಪ್. ಸಾಲದ ಹೊರೆಯಿಂದ ಪೀಠವನ್ನು ಬಿಟ್ಟು ಫ್ರಾನ್ಸಿಗೆ ಮರಳಿದ್ದ ದ್ಯುಪುಷನು ಪೋ ಕೋಟೆಗೆ ಹೋಗಿ ಹಳೆಯ ಮಿತ್ರನನ್ನು ಕಂಡನು. 1849ರಲ್ಲಿ ಆಂಬ್ವಾಸಿನ ಸೆರೆಯಾಳಿನ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿ, ಅದನ್ನು ಗಣರಾಜ್ಯದ ಅಧ್ಯಕ್ಷನಾದ ಲೂಯಿ ನೆಪೋಲಿಯನ್ ಬೋನಪಾರ್ಟನಿಗೆ ಅರ್ಪಿಸಿದನು. ಕೊಟ್ಟ ಮಾತಿಗೆ ತಪ್ಪಿದರೆ ಫ್ರಾನ್ಸಿನ ಗೌರವಕ್ಕೇ ಕುಂದು ಎಂಬುದು ಆತನ ವಾದ. ಕ್ರೈಸ್ತ ಗುರುವೊಬ್ಬನು ತನ್ನ ದೇಶದ ಸರಕಾರವನ್ನು ಎದುರಿಸಿ, ಮುಸಲ್ಮಾನನೊಬ್ಬನ ಪರವಾಗಿ ಲೇಖನಿ ಹಿಡಿದನು. ಅಂದು ಒಬ್ಬನಿಗಾಗಿ ಬೇಡಿದವನು ಇಂದು ಎದುರು ಧರ್ಮದವನಿಗಾಗಿ ಬೇಡುವುದನ್ನು ಕಲಿತಿದ್ದನು. ಇತರರೂ ದನಿಗೂಡಿಸಿದರು. 1852ರ ಅಕ್ಟೋಬರ್ 16ರಂದು ಲೂಯಿ ನೆಪೋಲಿಯನ್ನನು ತಾನೇ ಆಂಬ್ವಾಸಿಗೆ ಬಂದು ಬಿಡುಗಡೆಯನ್ನು ಸಾರಿದನು. ಅಮೀರನಿಗೆ ಫ್ರೆಂಚ್ ಸರಕಾರದಿಂದ ವರ್ಷಾಶನವೂ ಗೊತ್ತಾಯಿತು. ತುರ್ಕಿಯ ಬುರ್ಸಾ ಪಟ್ಟಣದಲ್ಲಿ ಕೆಲಕಾಲವಿದ್ದು, ಅಲ್ಲಿ ಭೂಕಂಪವಾದ ಮೇಲೆ 1855ರಲ್ಲಿ ಆತನು ದಮಾಸ್ಕಸ್ಸಿಗೆ ಬಂದು ನೆಲೆಸಿದನು. ಯೌವನದಲ್ಲಿ ಬಯಸಿದ ಬಾಳು ನಡುವಯಸ್ಸಿನಲ್ಲಿ ದೊರಕಿತು: ಗ್ರಂಥ, ಪಾಠ, ಪ್ರಾರ್ಥನೆ.

ದಮಾಸ್ಕಸ್ಸಿನ ಎಂಟು ದಿನಗಳು

ಈ ಶಾಂತಿಯು ಐದು ವರ್ಷ ಉಳಿಯಿತು. 1856ರಲ್ಲಿ ತುರ್ಕಿಯ ಸುಲ್ತಾನನು ಹೊರಡಿಸಿದ ಶಾಸನವೊಂದು ಸಾಮ್ರಾಜ್ಯದ ಎಲ್ಲ ಧರ್ಮದವರಿಗೂ ಸಮಾನ ಹಕ್ಕನ್ನು ಸಾರಿತ್ತು. ಶತಮಾನಗಳಿಂದ ಮೇಲುಗೈಯಾಗಿ ಬಾಳಿದವರಿಗೆ ಅದು ಕಹಿಯಾಯಿತು. ಯುರೋಪಿನ ಗಿರಣಿಗಳ ಬಟ್ಟೆಯು ಬಂದು ಬಿದ್ದು ದಮಾಸ್ಕಸ್ಸಿನ ನೇಕಾರರ ಮಗ್ಗಗಳು ನಿಂತವು. ಯುರೋಪಿನೊಡನೆ ವ್ಯಾಪಾರ ನಡೆಸಿದ ಕೆಲವು ಕ್ರೈಸ್ತ ವರ್ತಕರು ಸಿರಿವಂತರಾದರು. ಕೆಲವರ ಸಿರಿಗೆ ಎಲ್ಲರೂ ಹೊಣೆಯಾದರು. ಲೆಬನಾನಿನ ಬೆಟ್ಟಗಳಲ್ಲಿ ದ್ರೂಜರಿಗೂ ಮಾರೊನೈಟ್ ಕ್ರೈಸ್ತರಿಗೂ 1860ರ ಬೇಸಗೆಯಲ್ಲಿ ಘೋರ ಕಾಳಗ ನಡೆದು, ಸಾವಿರಾರು ಮಂದಿ ನಿರಾಶ್ರಿತರು ದಮಾಸ್ಕಸ್ಸಿಗೆ ಹರಿದುಬಂದರು. ಅವರ ಬೆನ್ನಿಗೇ ವದಂತಿಗಳೂ ಬಂದವು. ಆಪತ್ತನ್ನು ಮುಂದಾಗಿಯೇ ಕಂಡ ಅಮೀರನು ಗವರ್ನರ್ ಅಹಮದ್ ಪಾಷಾನನ್ನೂ ಊರಿನ ಮುಖಂಡರನ್ನೂ ಕಂಡು ಎಚ್ಚರಿಸಿದನು. ಗವರ್ನರನು ಭರವಸೆ ಕೊಟ್ಟನು, ಬೇರೇನನ್ನೂ ಮಾಡಲಿಲ್ಲ. ಅಮೀರನು ತನ್ನೊಡನೆ ದೇಶಭ್ರಷ್ಟರಾಗಿ ಬಂದಿದ್ದ ಸುಮಾರು ಸಾವಿರ ಮಂದಿ ಅಲ್ಜೀರಿಯದವರಿಗೆ ಫ್ರೆಂಚ್ ಕಾನ್ಸಲ್ ಕಚೇರಿಯ ನೆರವಿನಿಂದ ಆಯುಧ ಒದಗಿಸಿ ಸಿದ್ಧವಾಗಿರಲು ಹೇಳಿದನು.

ಜುಲೈ 9ರಂದು, ಬೀದಿಯಲ್ಲಿ ಶಿಲುಬೆಯ ಗುರುತು ಬರೆದು ಕ್ರೈಸ್ತರನ್ನು ಅವಮಾನಿಸಿದ್ದ ಕೆಲವು ಹುಡುಗರಿಗೆ ಸಂಕೋಲೆ ತೊಡಿಸಿ ಕ್ರೈಸ್ತರ ಕೇರಿಯ ಬೀದಿಯನ್ನು ಗುಡಿಸುವ ಶಿಕ್ಷೆಯನ್ನು ಕೊಡಲಾಯಿತು. ಅದನ್ನು ಕಂಡು ಕೆರಳಿದ ಜನ ಅಂಗಡಿಗಳನ್ನು ಮುಚ್ಚಿದರು. ಸಂಜೆಯ ಹೊತ್ತಿಗೆ ಕ್ರೈಸ್ತರ ಕೇರಿಯು ಹೊತ್ತಿ ಉರಿಯುತ್ತಿತ್ತು. ಕಾವಲಿಗಿದ್ದ ಸಿಪಾಯಿಗಳಲ್ಲಿ ಕೆಲವರು ಸುಮ್ಮನೆ ನಿಂತರು. ಕೆಲವರು ಲೂಟಿಯಲ್ಲಿ ಸೇರಿಕೊಂಡರು.

ಸುದ್ದಿ ತಿಳಿದೊಡನೆ ಅಮೀರನ ಜನ ಬೀದಿಗಿಳಿದರು. ಉರಿಯುವ ಓಣಿಗಳಲ್ಲಿ ನುಗ್ಗಿ, ಕ್ರೈಸ್ತರೇ ಹೊರಗೆ ಬನ್ನಿ, ನಾವು ಅಮೀರನ ಕಡೆಯವರು ಎಂದು ಕೂಗುತ್ತ, ಸಿಕ್ಕವರನ್ನು ನಡುವೆ ಇಟ್ಟುಕೊಂಡು ಆತನ ಮನೆಗೆ ತಂದು ಸೇರಿಸಿದರು. ಫ್ರಾನ್ಸ್, ರಷ್ಯ, ಗ್ರೀಸ್ ದೇಶಗಳ ಕಾನ್ಸಲರು ಬಂದರು. ಕಾರುಣ್ಯಸೇವೆಯ ಸನ್ಯಾಸಿನಿಯರು, ಲಜಾರಿಸ್ಟ್ ಪಾದ್ರಿಗಳು, ಅವರ ಶಾಲೆಯ ನೂರಾರು ಮಕ್ಕಳು ಬಂದರು. ಅಮೆರಿಕದ ಉಪಕಾನ್ಸಲನಾಗಿದ್ದ ವೈದ್ಯ ಮಿಖಾಯಿಲ್ ಮಿಶಾಖಾ ಎಂಬ ಸಿರಿಯದ ಕ್ರೈಸ್ತನು ಎಳೆಯ ಮಕ್ಕಳೊಡನೆ ಓಡುತ್ತ, ಬೆನ್ನಟ್ಟಿದವರ ಮುಂದೆ ಹಿಡಿ ಹಿಡಿ ನಾಣ್ಯಗಳನ್ನು ಎರಚಿ ಅವರನ್ನು ತಡೆಯುತ್ತ, ಗಾಯಗೊಂಡು, ಕೊನೆಗೆ ಮುಸಲ್ಮಾನ ಮಿತ್ರರ ನೆರವಿನಿಂದ ಬದುಕಿಕೊಂಡನು. ಆತನು ಮುಂದೆ ಬರೆದ ಸ್ಮರಣೆಗಳು ಆ ದಿನಗಳಿಗೆ ಒಂದು ಮುಖ್ಯ ಸಾಕ್ಷಿ.

ಎಲ್ಲರೂ ಉಳಿಯಲಿಲ್ಲ. ಫ್ರಾನ್ಸಿಸ್ಕನ್ ಮಠದ ಸನ್ಯಾಸಿಗಳನ್ನೂ ಅಮೀರನು ತನ್ನ ಮನೆಗೆ ಕರೆದನು. ಮಠದ ಗೋಡೆ ಬಾಗಿಲುಗಳು ಭದ್ರವಾಗಿವೆಯೆಂದು ನಂಬಿ ಅವರು ಅಲ್ಲಿಯೇ ಉಳಿದರು. ಆ ರಾತ್ರಿ ಎಂಟು ಮಂದಿ ಸನ್ಯಾಸಿಗಳೂ, ಅವರೊಡನಿದ್ದ ಮೂವರು ಮಾರೊನೈಟ್ ಸೋದರರೂ ಹತರಾದರು. ಈ ಹನ್ನೊಂದು ಮಂದಿಯನ್ನು ಕ್ಯಾಥೊಲಿಕ್ ಸಭೆಯು 2024ರ ಅಕ್ಟೋಬರ್ ತಿಂಗಳಿನಲ್ಲಿ ಸಂತರೆಂದು ಸಾರಿತು.

ಮರುದಿನ ಜನಜಂಗುಳಿಯು ಅಮೀರನ ಮನೆಯ ಮುಂದೆಯೇ ಬಂದು ನಿಂತಿತು. ಒಳಗಿರುವ ಕ್ರೈಸ್ತರನ್ನು ಒಪ್ಪಿಸಬೇಕೆಂದು ಕೂಗಿತು. ಅಮೀರನು ಹೊರಗೆ ಬಂದನು. ಪ್ರವಾದಿಯನ್ನು ಗೌರವಿಸುವ ರೀತಿ ಇದೇ ಏನೆಂದು ಅವರನ್ನು ಕೇಳಿದನು. ಹಿಂದೆ ತಾನೇ ಕ್ರೈಸ್ತರನ್ನು ಕೊಂದವನು ಈಗ ಅವರನ್ನು ಕಾಯುವುದೇಕೆಂದು ಗುಂಪಿನವರು ಹಂಗಿಸಿದರು. ತಾನು ಹೋರಾಡಿದುದು ನೆಲವನ್ನು ಕಸಿಯಲು ಬಂದವರೊಡನೆ, ಕ್ರೈಸ್ತ ಧರ್ಮದೊಡನಲ್ಲ ಎಂಬ ಅರ್ಥದ ಉತ್ತರವನ್ನು ಆತನು ಕೊಟ್ಟನೆಂದೂ, ಒಬ್ಬ ಕ್ರೈಸ್ತನನ್ನೂ ಒಪ್ಪಿಸಲಾರೆನೆಂದು ಹೇಳಿ ತನ್ನ ಸೈನಿಕರನ್ನು ಯುದ್ಧಕ್ಕೆ ಅಣಿಯಾಗಲು ಕರೆದನೆಂದೂ ಆತನ ಜೀವನಚರಿತ್ರೆಗಳು ಹೇಳುತ್ತವೆ. ಗುಂಪು ಹಿಂದೆ ಸರಿಯಿತು.

ಮನೆ ತುಂಬಿಹೋದಾಗ, ನಿರಾಶ್ರಿತರನ್ನು ತಂಡ ತಂಡವಾಗಿ ಕಾವಲಿನೊಡನೆ ನಗರದ ಕೋಟೆಗೆ ಸಾಗಿಸಲಾಯಿತು. ಜೀವಂತವಾಗಿ ತನ್ನ ಬಳಿಗೆ ಕರೆತಂದ ಪ್ರತಿಯೊಬ್ಬ ಕ್ರೈಸ್ತನಿಗೂ 50 ಪಿಯಾಸ್ತರ್ ಕೊಡುವುದಾಗಿ ಅಮೀರನು ಸಾರಿದನು. ಬಾಗಿಲಿನ ಬಳಿಯಲ್ಲಿ ಚಾಪೆಯೊಂದನ್ನು ಹಾಸಿಕೊಂಡು, ಪಕ್ಕದಲ್ಲಿ ಹಣದ ಚೀಲವನ್ನಿಟ್ಟುಕೊಂಡು ಕುಳಿತು, ತಂದವರಿಗೆ ತಾನೇ ಎಣಿಸಿ ಕೊಟ್ಟನು. ನಿದ್ರೆ ಬಂದರೆ ಅಲ್ಲಿಯೇ ಕೊಂಚ ಒರಗಿದನು. ಶತ್ರುವನ್ನು ಜೀವಂತ ತಂದವನಿಗೆ ಬಹುಮಾನವೆಂದು ಅಲ್ಜೀರಿಯದಲ್ಲಿ ಮಾಡಿದ್ದ ಹಳೆಯ ನಿಯಮವೇ ದಮಾಸ್ಕಸ್ಸಿನಲ್ಲಿ ಮತ್ತೆ ಜೀವ ಪಡೆದಿತ್ತು. ಕೊಲ್ಲುವ ಲೋಭವನ್ನು ಉಳಿಸುವ ಲೋಭದಿಂದ ಗೆಲ್ಲುವ ಉಪಾಯವದು.

ಗಲಭೆಯು ಎಂಟು ದಿನ ನಡೆಯಿತು. ಸಾವಿರಾರು ಕ್ರೈಸ್ತರು ಸತ್ತರು. ಅಮೀರನಿಂದ ಉಳಿದವರೂ ಸಾವಿರಾರು ಮಂದಿ; ಹತ್ತು ಸಾವಿರಕ್ಕೂ ಮೇಲೆಂದು ಹಲವರು ಬರೆದಿದ್ದಾರೆ. ಈ ಕಾರ್ಯದಲ್ಲಿ ಆತನು ಒಂಟಿಯಾಗಿರಲಿಲ್ಲವೆಂಬುದನ್ನೂ ಮರೆಯಲಾಗದು. ನಗರದ ದಕ್ಷಿಣದ ಮೈದಾನ್ ಕೇರಿಯಲ್ಲಿ ಮುಸಲ್ಮಾನ ಹಿರಿಯರು ತಮ್ಮ ನೆರೆಯ ಕ್ರೈಸ್ತರನ್ನು ತಾವೇ ಕಾಯ್ದರು. ಹೆಸರಿಲ್ಲದ ಎಷ್ಟೋ ಮನೆಗಳಲ್ಲಿ ಎಷ್ಟೋ ಅಗುಳಿಗಳು ಸರಿದವು. ಆಮೇಲೆ ತುರ್ಕಿಯ ಮಂತ್ರಿ ಫುವಾದ್ ಪಾಷಾನು ಬಂದು ವಿಚಾರಣೆ ನಡೆಸಿ, ಗವರ್ನರನನ್ನೂ ಸೇರಿಸಿ ನೂರಕ್ಕೂ ಮೇಲ್ಪಟ್ಟು ಮಂದಿಗೆ ಮರಣದಂಡನೆ ವಿಧಿಸಿದನು.

ಪದಕಗಳು ಮತ್ತು ಒಂದು ಸಂದೇಹ

ಪದಕಗಳು ಸುರಿದವು. ಮಾತಿಗೆ ತಪ್ಪಿ ಸೆರೆಯಲ್ಲಿಟ್ಟಿದ್ದ ಫ್ರಾನ್ಸು ತನ್ನ ಅತ್ಯುಚ್ಚ ಗೌರವಪದಕವನ್ನು ಕೊಟ್ಟಿತು. ಒಂಬತ್ತನೆಯ ಪಯಸ್ ಪೋಪರೂ, ರಷ್ಯ, ಗ್ರೀಸ್, ತುರ್ಕಿಗಳ ದೊರೆಗಳೂ ಪದಕಗಳನ್ನು ಕಳುಹಿಸಿದರು. ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಬಂಗಾರದ ಕೆತ್ತನೆಯ ಎರಡು ಪಿಸ್ತೂಲುಗಳು ಬಂದವು. ಆ ದೇಶದ ಅಯೋವಾ ಸಂಸ್ಥಾನದಲ್ಲಿ 1846ರಲ್ಲಿಯೇ ಆತನ ಹೆಸರಿನಿಂದ ಎಲ್ಕಾಡರ್ ಎಂಬ ಊರು ಹುಟ್ಟಿತ್ತು. ಅದು ಇಂದಿಗೂ ಇದೆ. ಎಲ್ಲಕ್ಕಿಂತ ಮನಮುಟ್ಟುವುದು ಕಾಕಸಸ್ಸಿನ ಮುಸಲ್ಮಾನ ವೀರ ಇಮಾಮ್ ಶಮೀಲನ ಪತ್ರ. ಕ್ರೈಸ್ತ ರಷ್ಯದೊಡನೆ ದಶಕಗಳ ಕಾಲ ಹೋರಾಡಿ ಸೋತು, ಆಗ ತಾನೇ ರಷ್ಯದ ಸೆರೆಯಲ್ಲಿದ್ದ ಆತನು, ಅಮೀರನು ಕ್ರೈಸ್ತರನ್ನು ಉಳಿಸಿದುದನ್ನು ಕೇಳಿ ಅಭಿನಂದಿಸಿ ಬರೆದನು. ರಕ್ಷಣೆಯಲ್ಲಿರುವ ಅನ್ಯಧರ್ಮೀಯರಿಗೆ ಕೇಡು ಬಗೆಯುವುದು ಪ್ರವಾದಿಯ ಆಜ್ಞೆಗೆ ವಿರುದ್ಧವೆಂಬುದನ್ನು ಅಧಿಕಾರಿಗಳು ಮರೆತರಲ್ಲಾ ಎಂದು ಮರುಗಿದನು.

ಸಂದೇಹಪಡುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅಮೀರನು ಫ್ರಾನ್ಸಿನ ವರ್ಷಾಶನವನ್ನು ಉಣ್ಣುತ್ತಿದ್ದವನಲ್ಲವೇ, ಋಣ ತೀರಿಸಿದನು, ಅಷ್ಟೇ ಎಂಬುದು ಅವರ ಮಾತು. ಈ ಮಾತಿಗೆ ಉತ್ತರವು 1841ರಲ್ಲಿಯೇ ಇದೆ. ಆಗ ವರ್ಷಾಶನವಿರಲಿಲ್ಲ, ಪದಕದ ಆಸೆಯಿರಲಿಲ್ಲ, ಹಳ್ಳಿಗಳು ಉರಿಯುತ್ತಿದ್ದವು. ಆಗಲೂ ಆತನು ಶತ್ರುವಿನ ಕೈದಿಗಳಿಗೆ ಪಾದ್ರಿಯನ್ನೂ, ಶತ್ರುವಿನ ಅನಾಥ ಶಿಶುಗಳಿಗೆ ಹಾಲನ್ನೂ ಒದಗಿಸಲು ಮುಂದಾಗಿದ್ದನು. ಹಣದಿಂದ ಕೊಂಡ ಔದಾರ್ಯವು ಹಣಕ್ಕಿಂತ ಹನ್ನೊಂದು ವರ್ಷ ಮೊದಲೇ ಹುಟ್ಟಲಾರದು. ಅಲ್ಜಿಯರ್ಸಿನ ಬಿಷಪ್ ಪಾವಿಯು ಕೃತಜ್ಞತೆಯನ್ನು ಸೂಚಿಸಿ ಬರೆದಾಗ, 1862ರಲ್ಲಿ ಅಮೀರನು ಕೊಟ್ಟ ಉತ್ತರವೂ ಇದಕ್ಕೆ ಹೊಂದುತ್ತದೆ. ಇಸ್ಲಾಮಿನ ಧರ್ಮಶಾಸ್ತ್ರಕ್ಕೆ ನಿಷ್ಠೆಯಿಂದಲೂ, ಮಾನವತೆಯ ಹಕ್ಕುಗಳ ಮೇಲಣ ಗೌರವದಿಂದಲೂ ತಾನು ಹಾಗೆ ಮಾಡಿದೆನೆಂಬುದು ಅದರ ಸಾರ. ಎಂದರೆ, ತನ್ನ ಧರ್ಮವನ್ನು ಸಡಿಲಿಸಿ ಆತನು ಕ್ರೈಸ್ತರನ್ನು ಕಾಯಲಿಲ್ಲ. ಅದನ್ನು ಬಿಗಿಯಾಗಿ ಹಿಡಿದು ಕಾಯ್ದನು. ದ್ಯುಪುಷನೂ ಹಾಗೆಯೇ, ಒಳ್ಳೆಯ ಕ್ರೈಸ್ತನಾಗಬೇಕೆಂಬ ಹಂಬಲವೇ ಆತನನ್ನು ಮುಸಲ್ಮಾನನ ಪರವಾಗಿ ನಿಲ್ಲಿಸಿತು. ಪರಧರ್ಮವನ್ನು ಗೌರವಿಸಲು ಸ್ವಧರ್ಮದಲ್ಲಿ ಅರೆಮನಸ್ಸು ಬೇಕೆಂಬ ತಪ್ಪು ತಿಳಿವಳಿಕೆಯನ್ನು ಈ ಇಬ್ಬರ ಬಾಳು ತಿದ್ದುತ್ತದೆ.

ಅಮೀರನು 1883ರ ಮೇ 26ರಂದು ತೀರಿಕೊಂಡನು. ದಮಾಸ್ಕಸ್ಸಿನಲ್ಲಿ ಸೂಫಿ ಮಹಾಗುರು ಇಬ್ನ್ ಅರಬಿಯ ಸಮಾಧಿಯ ಬಳಿಯಲ್ಲಿ ಆತನನ್ನು ಹೂಳಿದರು. 1962ರಲ್ಲಿ ಅಲ್ಜೀರಿಯ ಸ್ವತಂತ್ರವಾದ ಮೇಲೆ ಆತನ ಅವಶೇಷಗಳನ್ನು ತಾಯ್ನಾಡಿಗೆ ಕೊಂಡೊಯ್ಯಲಾಯಿತು.

ಅದೇ ನೆಲದಲ್ಲಿ ಮತ್ತೆ

ಬಿತ್ತಿದ ಬೀಜವು ಅದೇ ನೆಲದಲ್ಲಿ ಮತ್ತೆ ಮೊಳೆತುದನ್ನು ಹೇಳದಿದ್ದರೆ ಈ ಕಥೆಯು ಪೂರ್ಣವಾಗದು. ಅಲ್ಜೀರಿಯದ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ, 1959ರಲ್ಲಿ, ಕ್ರಿಸ್ತಿಯಾನ್ ದ ಶೆರ್ಜೆ ಎಂಬ ಯುವ ಫ್ರೆಂಚ್ ಅಧಿಕಾರಿಯನ್ನು ಬೀದಿಯ ಘರ್ಷಣೆಯೊಂದರಲ್ಲಿ ಮೊಹಮ್ಮದನೆಂಬ ಗ್ರಾಮರಕ್ಷಕನು ಕಾಪಾಡಿದನು. ಆತನು ಹತ್ತು ಮಕ್ಕಳ ತಂದೆ, ದೈವಭಕ್ತ ಮುಸಲ್ಮಾನ. ಮರುದಿನ ಆತನ ಹೆಣವು ಸಿಕ್ಕಿತು. ಆ ಋಣವನ್ನು ಮರೆಯಲಾರದ ಯುವಕನು ಸನ್ಯಾಸಿಯಾಗಿ ಅಲ್ಜೀರಿಯಕ್ಕೇ ಮರಳಿ, ಮೆದೆಯಾ ಬಳಿಯ ತಿಭಿರಿನ್ ಬೆಟ್ಟದ ಮಠದಲ್ಲಿ ನೆಲೆಸಿದನು. ಆ ಮಠದ ಸೋದರ ಲೂಕನು 1946ರಿಂದ ಹಳ್ಳಿಯವರಿಗೆಲ್ಲ ಬಿಟ್ಟಿಯಾಗಿ ವೈದ್ಯ ಮಾಡುತ್ತಿದ್ದನು. ಹಳ್ಳಿಯವರ ನಮಾಜಿಗೆ ಮಠದವರು ತಮ್ಮ ಕಟ್ಟಡವೊಂದನ್ನೇ ಬಿಟ್ಟುಕೊಟ್ಟರು. 1990ರ ದಶಕದ ಅಂತರ್ಯುದ್ಧದಲ್ಲಿ, ತಾವು ಕೊಂಬೆಯ ಮೇಲಿನ ಹಕ್ಕಿಗಳಂತೆ, ಯಾವಾಗ ಹಾರಬೇಕಾಗುವುದೋ ಎಂದು ಸನ್ಯಾಸಿಗಳು ಹೇಳಿದಾಗ, ಕೊಂಬೆ ನೀವು, ಹಕ್ಕಿಗಳು ನಾವು ಎಂಬ ಅರ್ಥದ ಮಾತು ಹಳ್ಳಿಯವರಿಂದ ಬಂದಿತಂತೆ. ಅವರು ಹಾರಿಹೋಗಲಿಲ್ಲ. 1996ರ ಮಾರ್ಚ್ ತಿಂಗಳಿನ ಒಂದು ರಾತ್ರಿ ಏಳು ಮಂದಿ ಸನ್ಯಾಸಿಗಳ ಅಪಹರಣವಾಯಿತು. ಎರಡು ತಿಂಗಳ ಬಳಿಕ ಅವರ ಸಾವಿನ ಸುದ್ದಿ ಬಂದಿತು. ಅದೇ ವರ್ಷ ಆಗಸ್ಟ್ 1ರಂದು ಓರಾನಿನ ಬಿಷಪ್ ಪಿಯೇರ್ ಕ್ಲಾವೆರಿಯೂ, ಆತನ ಕಾರು ನಡೆಸುತ್ತಿದ್ದ ಮೊಹಮ್ಮದ್ ಬೂಶಿಖಿ ಎಂಬ ಮುಸಲ್ಮಾನ ತರುಣನೂ ಒಂದೇ ಬಾಂಬಿಗೆ ಬಲಿಯಾದರು. ಬಿಷಪ್ಪನ ಶವಸಂಸ್ಕಾರಕ್ಕೆ ಬಂದು ಅತ್ತವರಲ್ಲಿ ಮುಸಲ್ಮಾನರು ಬಹು ಮಂದಿ. ಆ ಅಂತರ್ಯುದ್ಧದಲ್ಲಿ ಕೊಲೆಗೆ ಸಮ್ಮತಿಸದೆ ತಾವೇ ಕೊಲೆಯಾದ ಇಮಾಮರೂ ಅನೇಕರು.

ಮುಸಲ್ಮಾನರನ್ನು ಆದರದಿಂದ ಕಾಣಬೇಕೆಂದು ಕ್ಯಾಥೊಲಿಕ್ ಸಭೆಯು ವಿಧಿವತ್ತಾಗಿ ಸಾರಿದುದು 1965ರ ಅಕ್ಟೋಬರ್ 28ರಂದು. ಪೋಪ್ ಫ್ರಾನ್ಸಿಸರೂ ಕೈರೋದ ಅಲ್ ಅಜ್‌ಹರಿನ ಮಹಾ ಇಮಾಮರೂ ಮಾನವ ಸೋದರತ್ವದ ಪತ್ರಕ್ಕೆ ಅಬು ಧಾಬಿಯಲ್ಲಿ ಒಟ್ಟಿಗೆ ಸಹಿ ಹಾಕಿದುದು 2019ರ ಫೆಬ್ರವರಿ 4ರಂದು. ಇವು ಬೆಲೆಯುಳ್ಳ ದಾಖಲೆಗಳು. ಆದರೆ ಇವುಗಳಲ್ಲಿ ಬರೆದುದನ್ನು ದಮಾಸ್ಕಸ್ಸಿನ ಬಾಗಿಲಲ್ಲಿ ಕುಳಿತವನು ಎಷ್ಟೋ ಮೊದಲು ನಡೆದು ತೋರಿಸಿದ್ದನು. ಆತನು ಬಿಷಪ್ಪನಿಗೆ ಕಲಿಸಿದ ಪಾಠವೂ ಸರಳವಾದುದು: ತನ್ನವರಿಗಾಗಿ ದೇವರಲ್ಲಿಯೋ ದೊರೆಯಲ್ಲಿಯೋ ಬೇಡುವಾಗ, ಎದುರು ಮನೆಯವರನ್ನೂ ಸೇರಿಸಿಕೊಂಡು ಬೇಡಬೇಕು. ಕ್ರೈಸ್ತರು ಮುಸಲ್ಮಾನರಿಗೆ ಮಾತ್ರವಲ್ಲ, ಅಕ್ಕಪಕ್ಕದಲ್ಲಿ ಬಾಳುವ ಯಾವ ಎರಡು ಮನೆಗಳಿಗೂ ಈ ಪಾಠವು ಸಲ್ಲುತ್ತದೆ. ಮಕ್ಕಳಿಗೆ ಇಸವಿಗಳನ್ನು ಕಲಿಸುವ ತಾಯ್ತಂದೆಗಳು 1453 ಮತ್ತು 1492ರ ಜೊತೆಗೆ 1841 ಮತ್ತು 1860ನ್ನೂ ಒಮ್ಮೆ ಹೇಳಿಕೊಡಬಹುದು.